ಕಲ್ಯಾಣದ ಮೃಗಯಾವಿನೋದ ಮತ್ತು ಹೆಜ್ಜೆಜಾಡಿನ ಅರಿವು

ಬೀದರ್ ಜಿಲ್ಲೆಯ ಬಸವಕಲ್ಯಾಣವು ಹಿಂದೆ ಕಲ್ಯಾಣದ ಚಾಲುಕ್ಯರ ರಾಜಧಾನಿಯಾಗಿತ್ತು. ಆರನೆಯ ವಿಕ್ರಮಾದಿತ್ಯನ ಮಗನಾಗಿ, 1126ರ ಸುಮಾರಿಗೆ ಪಟ್ಟವೇರಿ 1138ರವರೆಗೆ ಆಳಿದ ಮೂರನೆಯ ಸೋಮೇಶ್ವರನು ‘ಭೂಲೋಕಮಲ್ಲ’ನೆಂಬ ಬಿರುದಿಗಿಂತಲೂ ‘ಮಾನಸೋಲ್ಲಾಸ’ದ ಕರ್ತೃವೆಂದೇ ಹೆಚ್ಚು ಪರಿಚಿತನು. ‘ಅಭಿಲಷಿತಾರ್ಥ ಚಿಂತಾಮಣಿ’ಯೆಂದೂ ಹೆಸರುಳ್ಳ ಈ ಸಂಸ್ಕೃತ ವಿಶ್ವಕೋಶವು ಐದು ವಿಂಶತಿಗಳಲ್ಲಿ ನೂರು ಅಧ್ಯಾಯಗಳನ್ನು ಒಳಗೊಂಡಿದೆ. ಗ್ರಂಥದೊಳಗೆ ಬರುವ ಶಕ 1051ರ ಉಲ್ಲೇಖದಿಂದ ಅದರ ಕಾಲವನ್ನು ಕ್ರಿ.ಶ. 1129ರ ಸುಮಾರು ಎಂದು ವಿದ್ವಾಂಸರು ಗುರುತಿಸಿದ್ದಾರೆ.

ಗ್ರಂಥದ ನಾಲ್ಕನೆಯ ಭಾಗವು ವಿನೋದಗಳಿಗೆ ಮೀಸಲಾಗಿದೆ. ಸಂಗೀತ, ನೃತ್ಯ, ಕಥಾಗೋಷ್ಠಿಗಳ ಜೊತೆಯಲ್ಲಿಯೇ ಬೇಟೆನಾಯಿ, ಡೇಗೆ, ಮೀನು ಹಾಗೂ ಮೃಗಯೆಗಳಿಗೂ ಬೇರೆ ಬೇರೆ ಅಧ್ಯಾಯಗಳಿವೆ. ಸಿವಂಗಿಯನ್ನು ಪಳಗಿಸಿ ಜಿಂಕೆಗಳ ಮೇಲೆ ಬಿಡುವ ಬೇಟೆಯ ಬಗ್ಗೆ ಭಾರತದಲ್ಲಿ ದೊರೆಯುವ ಅತ್ಯಂತ ಹಳೆಯ ಉಲ್ಲೇಖ ಈ ಗ್ರಂಥದ್ದೇ ಎಂಬುದು ಪ್ರಾಣಿಚರಿತ್ರಕಾರರ ಅಭಿಪ್ರಾಯ. ಮೊಗಲರ ಆಸ್ಥಾನದಲ್ಲಿ ಪ್ರಸಿದ್ಧವಾದ ಈ ಕ್ರೀಡೆಯು ಅದಕ್ಕೂ ನಾಲ್ಕು ಶತಮಾನಗಳ ಹಿಂದೆಯೇ ಕನ್ನಡದ ಅರಸನಿಗೆ ತಿಳಿದಿತ್ತೆಂಬುದು ಗಮನಾರ್ಹ.

ಇಲ್ಲಿ ಒಂದು ಪ್ರಶ್ನೆ ಸಹಜವಾಗಿ ಏಳುತ್ತದೆ. ಸಿವಂಗಿಯು ಕೆಲವೇ ನೂರು ಮೀಟರುಗಳಷ್ಟು ಮಾತ್ರ ಪೂರ್ಣ ವೇಗದಿಂದ ಓಡಬಲ್ಲದು. ಆದ್ದರಿಂದ ಹಿಂಡು ಎಲ್ಲಿ ಮೇಯುತ್ತಿದೆ, ಯಾವ ಕಡೆಗೆ ಸರಿಯುತ್ತಿದೆ, ಎಷ್ಟು ಹತ್ತಿರಕ್ಕೆ ಹೋಗಬಹುದು ಎಂಬುದನ್ನು ಮೊದಲೇ ಅರಿಯದೆ ಅದನ್ನು ಬಿಡುವುದು ವ್ಯರ್ಥ. ಈ ಅರಿವು ಬಂದದ್ದು ಅರಮನೆಯಿಂದಲ್ಲ, ನೆಲದಿಂದ. ಬಸವಕಲ್ಯಾಣ ಮತ್ತು ಹುಮನಾಬಾದ ತಾಲ್ಲೂಕುಗಳ ನೆಲದಲ್ಲಿ ಜಂಬಿಟ್ಟಿಗೆಯ ಗಟ್ಟಿ ಮೇಲ್ಮೈಯೂ ಎರೆಮಣ್ಣಿನ ಬಯಲೂ ಬೆರೆತಿವೆ. ಎರೆಯ ಹಸಿಯಲ್ಲಿ ಗೊರಸಿನ ಗುರುತು ಅಚ್ಚೊತ್ತಿದಂತೆ ನಿಲ್ಲುತ್ತದೆ; ಜಂಬಿಟ್ಟಿಗೆಯ ಮೇಲೆ ಅದು ಮೂಡುವುದೇ ಇಲ್ಲ. ಅಲ್ಲಿ ಹಿಕ್ಕೆ, ಮೇದ ಹುಲ್ಲಿನ ತುದಿ, ಕದಲಿದ ಕಲ್ಲುಗಳೇ ಸುಳುಹು.

ಕೃಷ್ಣಮೃಗದ ನಡವಳಿಕೆಯೂ ಇದಕ್ಕೆ ನೆರವಾಗುತ್ತದೆ. ಬಲಿತ ಗಂಡು ತನ್ನ ಎಲ್ಲೆಯೊಳಗೆ ಮತ್ತೆ ಮತ್ತೆ ಒಂದೇ ಸ್ಥಳದಲ್ಲಿ ಹಿಕ್ಕೆ ಹಾಕುತ್ತದೆ. ಕಣ್ಣಿನ ಮುಂದಣ ಗ್ರಂಥಿಯ ಸ್ರಾವವನ್ನು ಕಡ್ಡಿಗಳಿಗೆ ಸವರುತ್ತದೆ. ಹಿಕ್ಕೆಯ ರಾಶಿ ಹಸಿಯಾಗಿದ್ದರೆ ಗಂಡು ದೂರ ಹೋಗಿಲ್ಲವೆಂದು ತಿಳಿಯಬಹುದು. ಗೊರಸಿನ ಎರಡು ಸೀಳುಗಳು ಅಗಲವಾಗಿ ತೆರೆದು ಆಳವಾಗಿ ಊರಿದ್ದರೆ ಅದು ಬೆದರಿ ಓಡಿದ ಗುರುತು. ಕೌಟಿಲ್ಯನ ಅರ್ಥಶಾಸ್ತ್ರವು ಬೇಟೆಯ ಗುಣಗಳನ್ನು ಹೇಳುವಾಗ ವ್ಯಾಯಾಮ ಮತ್ತು ಗುರಿಯ ಅಭ್ಯಾಸದೊಡನೆ, ಕೋಪ ಭಯಗಳಲ್ಲಿ ಮೃಗಗಳ ಚಿತ್ತವನ್ನು ಅರಿಯುವುದನ್ನೂ ಸೇರಿಸಿರುವುದು ಈ ಹಿನ್ನೆಲೆಯಲ್ಲಿ ಅರ್ಥಪೂರ್ಣವಾಗಿದೆ.

ಈ ವಿದ್ಯೆಯ ಕುರುಹುಗಳು ಕನ್ನಡ ನುಡಿಯಲ್ಲಿಯೂ ಉಳಿದಿವೆ. ಎರಳೆ, ಹುಲ್ಲೆ ಎಂಬ ಹೆಸರುಗಳು, ಮೃಗಗಳನ್ನು ಎಬ್ಬಿಸಿ ಅಟ್ಟುವ ‘ಸೋವು’, ಕಾಡುಮೃಗವನ್ನು ಸೆಳೆಯಲು ಬಳಸುವ ಸಾಕಿದ ಮೃಗವಾದ ‘ದೀವ’ ಇವೆಲ್ಲ ವೃತ್ತಿಯಿಂದ ಹುಟ್ಟಿದ ಮಾತುಗಳು. ಕ್ರಿ.ಶ. 941ರ ಪಂಪನ ‘ವಿಕ್ರಮಾರ್ಜುನ ವಿಜಯ’ದಲ್ಲಿ ಬೇಟೆಯ ವರ್ಣನೆಗೆ ವಿಸ್ತಾರವಾದ ಸ್ಥಾನವಿದೆ. ಸುಮಾರು ಕ್ರಿ.ಶ. 950ರ ಆತಕೂರು ಶಾಸನವು ಹಂದಿಯೊಡನೆ ಹೋರಾಡಿ ಮಡಿದ ‘ಕಾಳಿ’ ಎಂಬ ನಾಯಿಯನ್ನು ಹೆಸರಿಸಿ ಸ್ಮರಿಸುತ್ತದೆ.

ನಾಯಿಗೆ ದೊರೆತ ಈ ಗೌರವ ಜಾಡು ಹಿಡಿದ ಬೇಡನಿಗೆ ವಿರಳವಾಗಿ ದೊರೆಯಿತು. ಹುಮನಾಬಾದ ತಾಲ್ಲೂಕಿನ ಜಲಸಂಗಿಯ ಚಾಲುಕ್ಯ ದೇವಾಲಯದ ಗೋಡೆಯ ಮೇಲೆ ಶಿಲಾಬಾಲಿಕೆಯೊಬ್ಬಳು ವಿಕ್ರಮಾದಿತ್ಯನ ಪ್ರಶಸ್ತಿಯನ್ನು ಬರೆಯುತ್ತಿದ್ದಾಳೆ. ಅಕ್ಷರವು ಅರಸನ ಕಡೆಗಿತ್ತು. ಮಾನಸೋಲ್ಲಾಸದ ಮೃಗಯಾಧ್ಯಾಯವನ್ನು ಅರಸನ ವಿಲಾಸದ ದಾಖಲೆಯೆಂದು ಮಾತ್ರ ಓದಿದರೆ, ಅದರ ಹಿಂದಿರುವ ಅನಾಮಿಕರ ಅನುಭವ ಮರೆಯಾಗುತ್ತದೆ.

ಸೋಮೇಶ್ವರನ ಬಳಿಕ ಕೆಲವೇ ದಶಕಗಳಲ್ಲಿ ಇದೇ ಕಲ್ಯಾಣದಲ್ಲಿ ಬಸವಾದಿ ಶರಣರು ದಯೆಯನ್ನೇ ಧರ್ಮದ ಮೂಲವಾಗಿ ಕಂಡರು. ಕೊಲೆಯ ವಿನೋದಕ್ಕೆ ಆ ದೃಷ್ಟಿಯಲ್ಲಿ ಎಡೆಯಿರಲಿಲ್ಲ. ಆದರೂ ಬೇಡರ ಕಣ್ಣಪ್ಪನನ್ನು ಶಿವಭಕ್ತನೆಂದು ಹರಿಹರನು ರಗಳೆಯಲ್ಲಿ ಕೊಂಡಾಡಿದನು. ಬೇಟೆಯನ್ನು ನಿರಾಕರಿಸಿದ ಪರಂಪರೆಯು ಬೇಡನನ್ನು ನಿರಾಕರಿಸಲಿಲ್ಲ.

ಭಾರತದಲ್ಲಿ ಸಿವಂಗಿಯು ನಶಿಸಿದೆಯೆಂದು 1952ರಲ್ಲಿ ಘೋಷಿಸಲಾಯಿತು. 2022ರಲ್ಲಿ ನಮೀಬಿಯಾದಿಂದ ತಂದ ಸಿವಂಗಿಗಳನ್ನು ಮಧ್ಯಪ್ರದೇಶದ ಕುನೊದಲ್ಲಿ ಬಿಡಲಾಯಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಕೃಷ್ಣಮೃಗದ ಬೇಟೆಯನ್ನು ನಿಷೇಧಿಸಿದೆ. ಬೀದರ್ ಜಿಲ್ಲೆಯ ಬಯಲುಗಳಲ್ಲಿ ಅದರ ಹಿಂಡುಗಳು ಇಂದಿಗೂ ಕಾಣಸಿಗುತ್ತವೆ. ಅವುಗಳನ್ನು ಎಣಿಸುವವರಿಗೂ ಕಾಯುವವರಿಗೂ ಬೇಕಾದುದು ಅದೇ ಹಳೆಯ ವಿದ್ಯೆ: ಹೆಜ್ಜೆ, ಹಿಕ್ಕೆ, ಮೇದ ಹುಲ್ಲುಗಳ ಓದು. ಕೊಲ್ಲುವುದಕ್ಕಾಗಿ ಬೆಳೆದ ಅರಿವು ಉಳಿಸುವುದಕ್ಕೂ ಒದಗಬಲ್ಲದು. ಅದನ್ನು ಬಲ್ಲ ಹಿರಿಯರ ಮಾತುಗಳನ್ನು ಅವರಿರುವಾಗಲೇ ಸಂಗ್ರಹಿಸುವುದು, ಮಾನಸೋಲ್ಲಾಸದ ಸಂಪಾದನೆಯಷ್ಟೇ ಮಹತ್ವದ ಕಾರ್ಯವಾಗಿದೆ.