ನೆಲಮಾಳಿಗೆಯ ಪೂಜೆ

ನ್ಯೂಯಾರ್ಕಿನ ಪೂರ್ವ ಹಾರ್ಲೆಮ್‌ನಲ್ಲಿ, 115ನೇ ಬೀದಿಯಲ್ಲಿ, ಕಾರ್ಮೆಲ್ ಮಾತೆಯ ಹೆಸರಿನ ಒಂದು ಕ್ಯಾಥೊಲಿಕ್ ಚರ್ಚಿದೆ. ಅದನ್ನು ಕಟ್ಟತೊಡಗಿದ್ದು 1884ರಲ್ಲಿ. ದಕ್ಷಿಣ ಇಟಲಿಯಿಂದ ಬಂದ ಕೂಲಿಕಾರರು ಹಗಲೆಲ್ಲ ದುಡಿದು, ಸಂಜೆ ಬಂದು ಅದರ ಪಾಯ ಅಗೆದರು. ಗುಜರಿಯವರೂ ಮಂಜುಗಡ್ಡೆ ಮಾರುವವರೂ ತಮ್ಮ ಗಾಡಿ, ಕುದುರೆಗಳನ್ನು ಕೊಟ್ಟರು. ಆದರೆ ಚರ್ಚು ಎದ್ದು ನಿಂತ ಮೇಲೆ ಮೇಲಿನ ಅಂಗಣದಲ್ಲಿ ಪೂಜೆಗೆ ಕೂತವರು ಐರಿಷ್ ಮತ್ತು ಜರ್ಮನ್ ಮೂಲದವರು. ಇಟಾಲಿಯನ್ನರ ಪಾಲಿಗೆ ಬಂದದ್ದು ನೆಲಮಾಳಿಗೆ. 1919ರವರೆಗೂ ಅವರ ಪೂಜೆ ಅಲ್ಲಿಯೇ ನಡೆಯಿತು.

ಒಂದೇ ಧರ್ಮ, ಒಬ್ಬರೇ ಪೋಪ್, ಒಂದೇ ಲ್ಯಾಟಿನ್ ಪೂಜೆ. ಆದರೂ ಹೀಗೇಕಾಯಿತು?

ಲೆಕ್ಕಪತ್ರವೇ ನನ್ನ ಕಸುಬಾದ್ದರಿಂದ ಮೊದಲು ಹಣದ ಕಡೆ ನೋಡುತ್ತೇನೆ. ಅಮೆರಿಕದಲ್ಲಿ ಚರ್ಚಿಗೆ ಸರ್ಕಾರದ ಹಣವಿಲ್ಲ. ಆಸನದ ಬಾಡಿಗೆ, ಕಾಣಿಕೆ, ಚಂದಾ ಇವುಗಳಿಂದಲೇ ಗುರುಗಳ ನಿರ್ವಹಣೆ, ಶಾಲೆ, ಸಾಲದ ಬಡ್ಡಿ ಎಲ್ಲ ನಡೆಯಬೇಕಿತ್ತು. ಇಟಲಿಯ ಹಳ್ಳಿಯವನಿಗೆ ಪೂಜೆಗೆ ಕೂರಲು ದುಡ್ಡು ತೆರುವುದು ಹೊಸ ಸಂಗತಿ. ಅವನು ತನ್ನೂರಿನ ಮಾತೆಯ ಉತ್ಸವಕ್ಕೆ ಕೈಬಿಚ್ಚಿ ಕೊಡುತ್ತಿದ್ದ. ಭಾನುವಾರದ ಕಾಣಿಕೆ ತಟ್ಟೆ ಮಾತ್ರ ಖಾಲಿ. ವಿಗ್ರಹ ಹೊತ್ತು ವಾದ್ಯದೊಡನೆ ಬೀದಿ ಸುತ್ತುವ ಆ ಉತ್ಸವ ಐರಿಷ್ ಗುರುಗಳ ಕಣ್ಣಿಗೆ ಮೂಢನಂಬಿಕೆಯಾಗಿ ಕಂಡಿತು. 1870ರಲ್ಲಿ ಪೋಪರ ಕೈಯಿಂದ ರೋಮ್ ನಗರವನ್ನು ಕಿತ್ತುಕೊಂಡದ್ದು ಇಟಲಿಯ ಸೈನ್ಯವೇ ಎಂಬ ಸಿಟ್ಟೂ ಇತ್ತು.

ಹಾಗೆಂದು ಐರಿಷರೇನೂ ಆ ನೆಲದ ಮೂಲನಿವಾಸಿಗಳಲ್ಲ. 1844ರ ಮೇ ತಿಂಗಳಲ್ಲಿ, ವಲಸಿಗರನ್ನು ದ್ವೇಷಿಸುವ ಗುಂಪುಗಳು ಫಿಲಡೆಲ್ಫಿಯಾದ ಎರಡು ಕ್ಯಾಥೊಲಿಕ್ ಚರ್ಚುಗಳನ್ನು ಸುಟ್ಟಿದ್ದವು. ನ್ಯೂಯಾರ್ಕಿನಲ್ಲಿ ಬಿಷಪ್ ಜಾನ್ ಹ್ಯೂಸ್ ತಮ್ಮ ಚರ್ಚುಗಳಿಗೆ ಕಾವಲು ಹಾಕಿಸಿದರು. ಮರುವರ್ಷವೇ ಆಲೂಗಡ್ಡೆ ಬೆಳೆ ಕೊಳೆತು ಐರ್ಲೆಂಡಿಗೆ ಕ್ಷಾಮ ಬಡಿಯಿತು. ಲಕ್ಷಾಂತರ ಜನ ಹಡಗು ಹತ್ತಿದರು. ಅಂಥವರ ಮಕ್ಕಳೇ ನಲವತ್ತು ವರ್ಷಗಳಲ್ಲಿ ಮೇಲಂತಸ್ತಿನ ಯಜಮಾನರಾಗಿದ್ದರು.

1889ರಲ್ಲಿ ಇಟಲಿಯ ಸನ್ಯಾಸಿನಿ ಫ್ರಾನ್ಸಿಸ್ ಕಬ್ರೀನಿ ಆರು ಜನ ಸಹೋದರಿಯರೊಡನೆ ನ್ಯೂಯಾರ್ಕಿಗೆ ಬಂದರು. ಪೋಪ್ ಹದಿಮೂರನೇ ಲಿಯೊ ಅವರೇ ಕಳುಹಿಸಿದ್ದರು. ಐರಿಷ್ ವಲಸಿಗರ ಮಗನಾಗಿದ್ದ ಆರ್ಚ್‌ಬಿಷಪ್ ಮೈಕೆಲ್ ಕಾರಿಗನ್ ಅವರು ಮರಳಿ ಇಟಲಿಗೆ ಹೋಗುವುದೇ ಲೇಸು ಎಂದರು. ಆಕೆ ಹೋಗಲಿಲ್ಲ. ಅನಾಥಾಲಯ, ಶಾಲೆ, ಆಸ್ಪತ್ರೆಗಳನ್ನು ಕಟ್ಟಿದರು. 1946ರಲ್ಲಿ ಸಂತಪದವಿ ಪಡೆದ ಮೊದಲ ಅಮೆರಿಕನ್ ಪ್ರಜೆ ಈಕೆಯೇ.

ಕಥೆ ಇಲ್ಲಿಗೆ ಮುಗಿದಿದ್ದರೆ ಹಿತವಾಗಿರುತ್ತಿತ್ತು. ಎರಡನೇ ಮಹಾಯುದ್ಧದ ನಂತರ ಪೋರ್ಟೊ ರಿಕೊದಿಂದ ಜನ ಬಂದು ಪೂರ್ವ ಹಾರ್ಲೆಮ್ ತುಂಬಿಕೊಂಡರು. ಅವರೂ ಕ್ಯಾಥೊಲಿಕರೇ. ಆದರೆ ಇಟಾಲಿಯನ್ನರು ಅವರನ್ನು ತಮ್ಮವರೆಂದು ಕಾಣಲಿಲ್ಲ. ನ್ಯೂಯಾರ್ಕಿನ ಹಲವು ಚರ್ಚುಗಳಲ್ಲಿ ಸ್ಪ್ಯಾನಿಷ್ ಪೂಜೆಗೆ ಸಿಕ್ಕ ಜಾಗ ಮತ್ತೆ ಅದೇ, ನೆಲಮಾಳಿಗೆ. ಮೆಟ್ಟಿಲು ಹತ್ತಿ ಮೇಲೆ ಬಂದವರಿಗೆ ಕೆಳಗಿನ ಕತ್ತಲೆ ನೆನಪಿರಲಿಲ್ಲ. ಆಮೇಲಿನ ದಶಕಗಳಲ್ಲಿ ಹೈಟಿಯ ಭಕ್ತರು ಕಾರ್ಮೆಲ್ ಮಾತೆಯ ಜುಲೈ ಉತ್ಸವಕ್ಕೆ ದೊಡ್ಡ ಸಂಖ್ಯೆಯಲ್ಲಿ ಬರತೊಡಗಿದರು. ಇಟಾಲಿಯನ್ನರು ಬಹುಪಾಲು ಬೇರೆಡೆ ಹೋದ ಮೇಲೂ ಉತ್ಸವ ಕಳೆಗುಂದದಿರಲು ಇವರು ಬಹುಮಟ್ಟಿಗೆ ಕಾರಣ.

ಪರದೇಶದಲ್ಲಿ ಸಂಘ ಕಟ್ಟಿಕೊಂಡಿರುವ ನಮಗೂ ಈ ಚರಿತ್ರೆ ದೂರದ್ದಲ್ಲ. ಮೊದಲು ಬಂದವರ ಶ್ರಮ ದೊಡ್ಡದು, ನಿಜ. ಆದರೆ ನಿನ್ನೆ ಬಂದವನು ಚಂದಾ ಕೊಟ್ಟನೇ, ನಮ್ಮ ರೀತಿಯಲ್ಲೇ ಹಬ್ಬ ಮಾಡುತ್ತಾನೆಯೇ ಎಂದು ಅಳೆಯುವ ಮೊದಲು, ಅವನಿಗೆ ಕೂರಲು ಯಾವ ಅಂತಸ್ತಿನಲ್ಲಿ ಜಾಗ ಕೊಟ್ಟಿದ್ದೇವೆ ಎಂದು ನೋಡಿಕೊಳ್ಳುವುದು ಒಳ್ಳೆಯದು.