30 ಪರ್ಸೆಂಟ್ ಎಲ್ಲಿಂದ ಬಂತು?

ನಮ್ಮಪ್ಪ ಹಾವೇರಿಯಲ್ಲಿ ಸಾಲಿ ಮಾಸ್ತರರಾಗಿದ್ದರು. 1998ರಲ್ಲಿ, 58ಕ್ಕೆ ರಿಟೈರ್ ಆದಮೇಲೆ ಪಿ.ಎಫ್., ಗ್ರಾಚ್ಯುಟಿ ಕೂಡಿಸಿ ಮೂರು ಖೋಲಿಯ ಮನೆ ಕಟ್ಟಿಸಿದರು. ಮೊದಲು ದುಡಿಮೆ, ಆಮೇಲೆ ಮನೆ.

ನನ್ನದು ಉಲ್ಟಾ. 2022ರ ಆರಂಭದಲ್ಲಿ ಪುಣೆಯಲ್ಲಿ ಫ್ಲ್ಯಾಟ್ ಹುಡುಕುವಾಗ ಬ್ಯಾಂಕಿನವರು, "ಸಂಬಳದ ಅರ್ಧದವರೆಗೂ ಕಂತು ಕೂರುತ್ತದೆ ಸರ್" ಎಂದರು. ಆಫೀಸಿನ ಗೆಳೆಯರು, "30 ಪರ್ಸೆಂಟ್ ದಾಟಬೇಡ" ಎಂದರು. ಈ 30 ಎಲ್ಲಿಂದ ಬಂತು ಎಂದು ಹುಡುಕಹೊರಟೆ.

ಅದರ ಜಾಡು ಅಮೆರಿಕಕ್ಕೆ ಹೋಯಿತು. ಅಲ್ಲಿ 'ತಿಂಗಳ ಬಾಡಿಗೆಗೆ ಒಂದು ವಾರದ ಕೂಲಿ' ಎಂಬುದು ಹಳೆಯ ರೂಢಿ. 1969ರಲ್ಲಿ ಸೆನೆಟರ್ ಎಡ್ವರ್ಡ್ ಬ್ರೂಕ್ ತಂದ ತಿದ್ದುಪಡಿ, ಸರ್ಕಾರಿ ವಸತಿಯ ಬಡವರಿಂದ ಆದಾಯದ ಶೇ. 25ಕ್ಕಿಂತ ಹೆಚ್ಚು ಬಾಡಿಗೆ ವಸೂಲಿ ಮಾಡಬಾರದೆಂದಿತು. 1981ರಲ್ಲಿ ಆ ಮಿತಿ ಶೇ. 30 ಆಯಿತು. ಅಂದರೆ ಅದು ಬಡವರ ಬಾಡಿಗೆಗೆ ಹಾಕಿದ ಮಿತಿ. ನಾವದನ್ನು ಗೃಹಸಾಲದ ಸೂತ್ರ ಮಾಡಿಕೊಂಡಿದ್ದೇವೆ.

ನಮ್ಮಲ್ಲಿ ಸಂಬಳದಾರರಿಗೆ ಗೃಹಸಾಲದ ಬಾಗಿಲು ತೆರೆದವರು ಹಸ್ಮುಖ್ ಪಾರೇಖ್. ಐಸಿಐಸಿಐಯಿಂದ ನಿವೃತ್ತರಾದ ಮೇಲೆ, 1977ರಲ್ಲಿ ಮುಂಬೈಯಲ್ಲಿ ಎಚ್‌ಡಿಎಫ್‌ಸಿ ಶುರುಮಾಡಿದರು. ಮುಪ್ಪಿನ ತನಕ ಕಾಯದೆ, ದುಡಿಯುವ ವಯಸ್ಸಿನಲ್ಲೇ ಮನೆ ಆಗಲಿ ಎಂಬುದು ಅವರ ಆಸೆ. 1987ರಲ್ಲಿ ಬೆಂಗಳೂರಿನ ಕ್ಯಾನ್ ಫಿನ್ ಹೋಮ್ಸ್, 1988ರಲ್ಲಿ ರಾಷ್ಟ್ರೀಯ ವಸತಿ ಬ್ಯಾಂಕ್ ಬಂದವು. ಮುಂದೆ ಬಡ್ಡಿಗೆ ತೆರಿಗೆ ವಿನಾಯಿತಿ ಏರುತ್ತ ಹೋದಂತೆ ಸಾಲದ ಅಂಜಿಕೆಯೂ ಇಳಿಯಿತು.

ಆದರೆ ಬದಲಾಗುವ ಬಡ್ಡಿಯ ಸಾಲದಲ್ಲಿ ಇಂದಿನ ಪಾಲು ನಾಳೆಯದಲ್ಲ. 2022ರ ಏಪ್ರಿಲ್‌ನಲ್ಲಿ ಶೇ. 4 ಇದ್ದ ರೆಪೊ ದರ 2023ರ ಫೆಬ್ರವರಿಗೆ ಶೇ. 6.5 ಆಯಿತು. ಲೆಕ್ಕ ಹಾಕಿ ನೋಡಿ: 50 ಲಕ್ಷ ಸಾಲ, 20 ವರ್ಷ, ಶೇ. 7 ಬಡ್ಡಿಗೆ ಕಂತು ಸುಮಾರು 38,765 ರೂಪಾಯಿ. ಶೇ. 9 ಆದರೆ 44,986. ಕಂತು ಏರಿಸದೆ ಹಳೆಯದನ್ನೇ ಕಟ್ಟುತ್ತ ಹೋದರೆ ಸಾಲ ತೀರಲು 38 ವರ್ಷ ಬೇಕು!

ಇನ್ನೊಂದು ಮಾತು. ಶೇಕಡಾ ಹೇಳುವುದು ಹೋಗುವ ದುಡ್ಡನ್ನು. ಸಂಸಾರ ನಡೆಯುವುದು ಉಳಿದದ್ದರಲ್ಲಿ. 40 ಸಾವಿರದಲ್ಲಿ ಅರ್ಧ ಹೋದರೆ ಅಡುಗೆಮನೆಗೇ ಪೆಟ್ಟು. 2 ಲಕ್ಷದಲ್ಲಿ ಅರ್ಧ ಹೋದರೆ ಹಾಗಲ್ಲ. ನನ್ನ ಹೆಂಡತಿ ಇದನ್ನೇ ಚುಟುಕಾಗಿ ಹೇಳಿದಳು: "ಅದು ಬ್ಯಾಂಕಿನ ಲೆಕ್ಕರೀ, ನಮ್ಮ ಲೆಕ್ಕ ಬ್ಯಾರೆ ಐತಿ." ಊರಿಗೆ ಕಳಿಸುವುದು, ಅಪ್ಪನ ಔಷಧಿ, ಮಗಳ ಫೀ ಮೊದಲು ತೆಗೆದಿಟ್ಟೆವು. ಇಬ್ಬರ ಸಂಬಳ ಹಿಡಿಯದೆ ನನ್ನೊಬ್ಬನದನ್ನೇ ಹಿಡಿದೆವು. ಬಡ್ಡಿಗೆ ಎರಡು ಪರ್ಸೆಂಟ್ ಹೆಚ್ಚು ಸೇರಿಸಿ ನೋಡಿದೆವು. ಆಗ ಮೂರು ಬೆಡ್‌ರೂಮ್ ಎರಡಾಯಿತು, ಆಫೀಸು ದೂರವಾಯಿತು. ನನಗೆ ಬೇಜಾರಾಗದೆ ಇರಲಿಲ್ಲ.

2023ರಲ್ಲಿ ಆಕೆಯ ಕೆಲಸ ಹೋಯಿತು. ಏಳು ತಿಂಗಳು ಒಂದೇ ಸಂಬಳ, ಮೇಲೆ ಏರಿದ ಕಂತು. ಖರ್ಚು ಬಿಗಿಹಿಡಿಯಬೇಕಾಯಿತು, ಆದರೆ ಒಂದು ಕಂತೂ ತಪ್ಪಲಿಲ್ಲ. ಅರ್ಧ ಸಂಬಳದ ಕಂತಿಗೆ ಸಹಿ ಹಾಕಿದ್ದರೆ ಅಪ್ಪನ ಔಷಧಿಗೇ ಕೈಹಾಕಬೇಕಿತ್ತು.

ಹೊಸ ಮನೆಗೆ ಬಂದ ಅಪ್ಪ ಕೇಳಿದರು, "ಸಾಲ ಯಾವಾಗ ತೀರ್ತೈತಿ?"

"16 ವರ್ಷರೀ ಅಪ್ಪಾ. ನನಗ ಆಗ 58."

ಅವರು ನಕ್ಕರು. "ಹಂಗಾರ ನನಗೂ 58ಕ್ಕ, ನಿನಗೂ 58ಕ್ಕ. ನೀ ಅಷ್ಟರತನಕ ಒಳಗ ಕುಂತಿರ್ತಿ, ಅಷ್ಟ ಫರಕು."