ನಿದ್ರಾ ಉಸಿರುಕಟ್ಟುವಿಕೆ (ಸ್ಲೀಪ್ ಆಪ್ನಿಯ): ಮಿತವ್ಯಯದ ಚಿಕಿತ್ಸೆ ಪಡೆಯುವ ಹಾಗೂ ಅದಕ್ಕೆ ಹೊಂದಿಕೊಳ್ಳುವ ಕ್ರಮ

ಸಾರ್ವಜನಿಕರ ಮಾಹಿತಿಗಾಗಿ: ಕೊತ್ತಗೆರೆ ಹೋಬಳಿ, ಕುಣಿಗಲ್ ತಾಲ್ಲೂಕು, ತುಮಕೂರು ಜಿಲ್ಲೆ

1. ಪೀಠಿಕೆ

ಜೋರಾದ ಗೊರಕೆಯು ಗಾಢ ನಿದ್ರೆಯ ಲಕ್ಷಣವೆಂಬ ನಂಬಿಕೆ ಸರಿಯಲ್ಲ. ನಿದ್ರೆಯಲ್ಲಿ ಗಂಟಲಿನ ಸ್ನಾಯುಗಳು ಸಡಿಲಗೊಂಡು ಶ್ವಾಸಮಾರ್ಗ ಮುಚ್ಚಿ, ಕನಿಷ್ಠ 10 ಸೆಕೆಂಡ್ ಕಾಲ ಉಸಿರು ನಿಲ್ಲುವುದನ್ನು ನಿದ್ರಾ ಉಸಿರುಕಟ್ಟುವಿಕೆ ಎನ್ನಲಾಗುತ್ತದೆ. ಇದು ರಾತ್ರಿಯಿಡೀ ಮರುಕಳಿಸಿದಾಗ ರಕ್ತದಲ್ಲಿ ಆಮ್ಲಜನಕ ಇಳಿಯುತ್ತದೆ, ನಿದ್ರೆ ತುಂಡಾಗುತ್ತದೆ. ಚಿಕಿತ್ಸೆ ಪಡೆಯದಿದ್ದಲ್ಲಿ ರಕ್ತದೊತ್ತಡ, ಹೃದ್ರೋಗ ಹಾಗೂ ಪಾರ್ಶ್ವವಾಯುವಿನ ಅಪಾಯ ಹೆಚ್ಚುತ್ತದೆ. ಬೆಂಗಳೂರು–ಮಂಗಳೂರು ಹೆದ್ದಾರಿಯಲ್ಲಿ ವಾಹನ ನಡೆಸುವವರು ಹಗಲಿನ ತೂಕಡಿಕೆಯನ್ನು ಲಘುವಾಗಿ ಪರಿಗಣಿಸಬಾರದು. ಚಾಲಕನ ಕ್ಷಣಕಾಲದ ನಿದ್ರೆಯೂ ಹಲವರ ಪ್ರಾಣಕ್ಕೆ ಕುತ್ತಾಗಬಲ್ಲದು.

2. ಲಕ್ಷಣಗಳು

ಅ) ಗೊರಕೆಯ ನಡುವೆ ಉಸಿರು ನಿಂತು, ಏದುಸಿರಿನೊಂದಿಗೆ ಎಚ್ಚರವಾಗುವುದು.
ಆ) ಬೆಳಗಿನ ತಲೆನೋವು, ಬಾಯಿ ಒಣಗುವಿಕೆ, ಹಗಲಿನಲ್ಲಿ ತಡೆಯಲಾಗದ ನಿದ್ರೆ.
ಇ) ಮಾತ್ರೆ ಸೇವಿಸಿದರೂ ಹತೋಟಿಗೆ ಬಾರದ ರಕ್ತದೊತ್ತಡ.

ಉಸಿರು ನಿಲ್ಲುವುದು ರೋಗಿಗೆ ತಿಳಿಯದಿರಬಹುದು. ಆದ್ದರಿಂದ ಪಕ್ಕದಲ್ಲಿ ಮಲಗುವ ಪತ್ನಿ, ಪತಿ ಅಥವಾ ಮಕ್ಕಳು ವೈದ್ಯರ ಭೇಟಿಗೆ ಜೊತೆಯಲ್ಲಿ ಹೋಗುವುದು ಉತ್ತಮ. ಸ್ಥೂಲಕಾಯರಲ್ಲಿ ಈ ರೋಗ ಹೆಚ್ಚಾದರೂ, ದವಡೆಯ ರಚನೆ ಅಥವಾ ದೊಡ್ಡದಾದ ಟಾನ್ಸಿಲ್ ಕಾರಣದಿಂದ ತೆಳ್ಳಗಿನವರಲ್ಲಿಯೂ ಮಕ್ಕಳಲ್ಲಿಯೂ ಕಂಡುಬರುತ್ತದೆ.

3. ಎಲ್ಲಿಗೆ ಹೋಗಬೇಕು?

ಮೊದಲು ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಅಥವಾ ಕುಣಿಗಲ್ ತಾಲ್ಲೂಕು ಆಸ್ಪತ್ರೆಯಲ್ಲಿ ತೂಕ, ರಕ್ತದೊತ್ತಡ ಹಾಗೂ ಸಕ್ಕರೆ ಅಂಶದ ತಪಾಸಣೆ ಮಾಡಿಸಿಕೊಳ್ಳತಕ್ಕದ್ದು. ಅಗತ್ಯವಿದ್ದಲ್ಲಿ ವೈದ್ಯರು ಥೈರಾಯ್ಡ್ ಪರೀಕ್ಷೆಗೂ, ಕಿವಿ-ಮೂಗು-ಗಂಟಲು ತಜ್ಞರಲ್ಲಿಗೂ ಕಳುಹಿಸುತ್ತಾರೆ. ನಂತರ ತುಮಕೂರಿನ ಜಿಲ್ಲಾ ಆಸ್ಪತ್ರೆಗೆ ಅಥವಾ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಗೆ ಶಿಫಾರಸು ಪತ್ರ ಪಡೆಯಬಹುದು. ನಿಮ್ಹಾನ್ಸ್‌ನಲ್ಲಿ ನಿದ್ರಾ ರೋಗಗಳ ಚಿಕಿತ್ಸಾ ವಿಭಾಗವಿದ್ದು, ಬಿ.ಪಿ.ಎಲ್. ಕುಟುಂಬಗಳಿಗೆ ಶುಲ್ಕದಲ್ಲಿ ರಿಯಾಯಿತಿ ಇದೆ. ಪಡಿತರ ಚೀಟಿ, ಆಧಾರ್ ಹಾಗೂ ಹಳೆಯ ಚೀಟಿಗಳನ್ನು ತಪ್ಪದೆ ಕೊಂಡೊಯ್ಯಬೇಕು.

4. ನಿದ್ರಾ ಪರೀಕ್ಷೆ

ಒಂದು ರಾತ್ರಿಯ ನಿದ್ರೆಯಲ್ಲಿ ಉಸಿರಾಟ, ಆಮ್ಲಜನಕ ಹಾಗೂ ಹೃದಯ ಬಡಿತವನ್ನು ದಾಖಲಿಸಲಾಗುತ್ತದೆ. ಗಂಟೆಗೆ ಎಷ್ಟು ಬಾರಿ ಉಸಿರು ನಿಂತಿತು ಅಥವಾ ಕುಗ್ಗಿತು ಎಂಬ ಲೆಕ್ಕವೇ ರೋಗದ ಅಳತೆ. ವಯಸ್ಕರಲ್ಲಿ 5ರಿಂದ 15ರೊಳಗೆ ಸೌಮ್ಯ, 15ರಿಂದ 30ರೊಳಗೆ ಮಧ್ಯಮ, 30 ಮತ್ತು ಅದಕ್ಕಿಂತ ಹೆಚ್ಚಾದರೆ ತೀವ್ರ. ಇತರ ಗಂಭೀರ ಕಾಯಿಲೆಗಳಿಲ್ಲದವರಿಗೆ ಮನೆಯಲ್ಲಿಯೇ ನಡೆಸುವ ಸರಳ ಪರೀಕ್ಷೆಯನ್ನು ವೈದ್ಯರು ಸೂಚಿಸಬಹುದು. ಇದರ ವೆಚ್ಚ ಕಡಿಮೆ.

5. ವೆಚ್ಚ ತಗ್ಗಿಸುವ ಬಗೆ

ಮಧ್ಯಮ ಹಾಗೂ ತೀವ್ರ ಹಂತದ ಮುಖ್ಯ ಚಿಕಿತ್ಸೆ ಸಿ-ಪ್ಯಾಪ್ ಯಂತ್ರ. ಮಾಸ್ಕ್ ಮೂಲಕ ಗಾಳಿಯ ಒತ್ತಡ ನೀಡಿ ಗಂಟಲು ಮುಚ್ಚದಂತೆ ತಡೆಯುವ ಈ ವಿಧಾನವನ್ನು ಆಸ್ಟ್ರೇಲಿಯಾದ ವೈದ್ಯ ಕಾಲಿನ್ ಸಲಿವನ್ ಮತ್ತು ಸಹೋದ್ಯೋಗಿಗಳು 1981ರಲ್ಲಿ ಪ್ರಕಟಿಸಿದರು. ಯಂತ್ರದ ಬೆಲೆ ಹತ್ತಾರು ಸಾವಿರ ರೂಪಾಯಿಗಳಾಗುವುದರಿಂದ ಕೆಳಗಿನ ಅಂಶಗಳನ್ನು ಗಮನಿಸತಕ್ಕದ್ದು.

ಅ) ಪರೀಕ್ಷೆಯಿಲ್ಲದೆ, ವೈದ್ಯರು ಒತ್ತಡವನ್ನು ನಿಗದಿಪಡಿಸದೆ ಯಂತ್ರ ಕೊಳ್ಳಬಾರದು.
ಆ) ಸಾಧ್ಯವಾದಲ್ಲಿ ಮೊದಲು ಬಾಡಿಗೆಗೆ ಪಡೆದು, ಹೊಂದುವ ಮಾಸ್ಕ್ ಯಾವುದೆಂದು ತಿಳಿದ ಬಳಿಕ ಖರೀದಿಸುವುದು ಲೇಸು.
ಇ) 2018ರಲ್ಲಿ ಜಾರಿಗೆ ಬಂದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಆಸ್ಪತ್ರೆ ಚಿಕಿತ್ಸೆಯ ರಕ್ಷಣೆ ಇದೆ. ಮನೆಬಳಕೆಯ ಯಂತ್ರವು ಇದರಡಿ ದೊರೆಯುವುದೆಂದು ಭಾವಿಸಿ ಮುಂಗಡ ಹಣ ಕಟ್ಟಬಾರದು. ಆಸ್ಪತ್ರೆಯಲ್ಲಿ ಮೊದಲೇ ವಿಚಾರಿಸಬೇಕು.
ಈ) ಇ.ಎಸ್.ಐ. ವಿಮಾದಾರರು ಹಾಗೂ ಸಿ.ಜಿ.ಎಚ್.ಎಸ್. ಫಲಾನುಭವಿಗಳು ತಜ್ಞರ ಶಿಫಾರಸಿನೊಂದಿಗೆ ಖರೀದಿಗೆ ಮುನ್ನವೇ ಅನುಮತಿ ಕೋರಬೇಕು.
ಉ) ಹಳೆಯ ಯಂತ್ರ ಕೊಳ್ಳುವವರು ಮಾದರಿ ಸಂಖ್ಯೆ ಪರಿಶೀಲಿಸಬೇಕು. ಶಬ್ದ ತಗ್ಗಿಸುವ ಫೋಮ್ ಪುಡಿಯಾಗುವ ಸಂಭವದಿಂದ ಫಿಲಿಪ್ಸ್ ಕಂಪನಿಯು 2021ರ ಜೂನ್‌ನಲ್ಲಿ ತನ್ನ ಹಲವು ಮಾದರಿಗಳನ್ನು ಹಿಂಪಡೆಯಿತು.

6. ಯಂತ್ರಕ್ಕೆ ಹೊಂದಿಕೊಳ್ಳುವುದು

ಮೊದಲ ವಾರಗಳಲ್ಲಿ ಬೇಸತ್ತು ಯಂತ್ರವನ್ನು ಮೂಲೆಗಿಟ್ಟರೆ ಖರ್ಚೂ ವ್ಯರ್ಥ, ರೋಗವೂ ಉಳಿಯುತ್ತದೆ. ಆರಂಭದಲ್ಲಿ ಹಗಲು ಎಚ್ಚರವಿರುವಾಗ ಅರ್ಧ ಗಂಟೆ ಮಾಸ್ಕ್ ಧರಿಸಿ ಅಭ್ಯಾಸ ಮಾಡಿಕೊಳ್ಳಬೇಕು. ಮಾಸ್ಕ್‌ನ ಪಟ್ಟಿಯನ್ನು ಮಲಗಿದ ಭಂಗಿಯಲ್ಲಿಯೇ ಸರಿಪಡಿಸಬೇಕು. ಅತಿ ಬಿಗಿಯಾದರೆ ಮೂಗಿನ ಮೇಲೆ ಹುಣ್ಣಾಗುತ್ತದೆ. ಗಾಳಿಯ ರಭಸ ಸಹಿಸಲಾಗದಿದ್ದರೆ ಒತ್ತಡವನ್ನು ನಿಧಾನವಾಗಿ ಏರಿಸುವ ವ್ಯವಸ್ಥೆಯನ್ನು ಬಳಸಬೇಕು. ಬಾಯಿ ಒಣಗಿದರೆ ಅಥವಾ ಮೂಗು ಕಟ್ಟಿದರೆ ವೈದ್ಯರಿಗೆ ತಿಳಿಸಬೇಕು. ಮಾಸ್ಕ್ ಬದಲಾವಣೆ ಅಥವಾ ತೇವಾಂಶದ ತೊಟ್ಟಿಯಿಂದ ಸಾಮಾನ್ಯವಾಗಿ ಪರಿಹಾರವಾಗುತ್ತದೆ. ದಿನಕ್ಕೆ ಕನಿಷ್ಠ 4 ಗಂಟೆಯ ಬಳಕೆಯು ಮೊದಲ ಗುರಿ. ನಿದ್ರಿಸುವಷ್ಟು ಹೊತ್ತೂ ಬಳಸುವುದು ಪೂರ್ಣ ಚಿಕಿತ್ಸೆ.

ತೊಟ್ಟಿಗೆ ಕೊಳವೆಬಾವಿಯ ಗಡಸು ನೀರು ಹಾಕಿದರೆ ಬಿಳಿ ಪದರ ಕಟ್ಟುತ್ತದೆ. ಡಿಸ್ಟಿಲ್ಡ್ ನೀರನ್ನೇ ಬಳಸಿ ಪ್ರತಿದಿನ ಬದಲಿಸಬೇಕು. ಮಾಸ್ಕನ್ನು ದಿನವೂ, ಕೊಳವೆಯನ್ನು ವಾರಕ್ಕೊಮ್ಮೆಯೂ ಸೌಮ್ಯ ಸೋಪಿನ ನೀರಿನಲ್ಲಿ ತೊಳೆದು ನೆರಳಿನಲ್ಲಿ ಒಣಗಿಸತಕ್ಕದ್ದು. ವಿದ್ಯುತ್ ಕಡಿತವಿರುವ ಊರುಗಳಲ್ಲಿ ಯು.ಪಿ.ಎಸ್. ಅನುಕೂಲಕರ, ತೊಟ್ಟಿಯ ಬಿಸಿ ವ್ಯವಸ್ಥೆಯನ್ನು ಆರಿಸಿದರೆ ಬ್ಯಾಟರಿ ಹೆಚ್ಚು ಹೊತ್ತು ಬಾಳುತ್ತದೆ. ಯಂತ್ರ ನಿಂತಾಗ ಮಾಸ್ಕ್ ತೆಗೆದು, ಪಕ್ಕಕ್ಕೆ ತಿರುಗಿ ಮಲಗಬೇಕು.

7. ಇತರ ಕ್ರಮಗಳು

ತೂಕ ಇಳಿಕೆ, ಮಗ್ಗುಲಾಗಿ ಮಲಗುವುದು ಹಾಗೂ ಮದ್ಯಪಾನ ವರ್ಜನೆಯಿಂದ ರೋಗದ ತೀವ್ರತೆ ತಗ್ಗುತ್ತದೆ. ವೈದ್ಯರ ಸಲಹೆಯಿಲ್ಲದೆ ನಿದ್ರೆ ಮಾತ್ರೆ ಸೇವಿಸಬಾರದು. ಸೌಮ್ಯ ಹಾಗೂ ಮಧ್ಯಮ ಹಂತದ ಕೆಲವರಿಗೆ ಕೆಳದವಡೆಯನ್ನು ಮುಂದಕ್ಕೆ ಹಿಡಿಯುವ ದಂತ ಸಾಧನ ಸಾಕಾಗಬಹುದು. ತೂಕ ಇಳಿದ ಮಾತ್ರಕ್ಕೆ ಯಂತ್ರವನ್ನು ತಾವಾಗಿಯೇ ನಿಲ್ಲಿಸದೆ ಮರುಪರೀಕ್ಷೆ ಮಾಡಿಸಬೇಕು.

8. ಸೂಚನೆ

ಹಗಲಿನಲ್ಲಿ ತೂಕಡಿಕೆ ಇರುವವರು ಚಿಕಿತ್ಸೆ ಫಲ ನೀಡುವವರೆಗೆ ವಾಹನ ಚಲಾಯಿಸಬಾರದು. ಎದೆನೋವು, ತೀವ್ರ ಉಸಿರಾಟದ ತೊಂದರೆ ಅಥವಾ ಕೈಕಾಲು ಸ್ವಾಧೀನ ತಪ್ಪಿದಲ್ಲಿ ತಡಮಾಡದೆ 108ಕ್ಕೆ ಕರೆ ಮಾಡತಕ್ಕದ್ದು. ಸಾರ್ವಜನಿಕರು ಈ ಮಾಹಿತಿಯ ಸದುಪಯೋಗ ಪಡೆಯಬೇಕೆಂದು ಕೋರಲಾಗಿದೆ.